ಪುಟ್ಟ ಪ್ರಾಣಿಗೆ ಸೂಜಿ: ಮೊದಲು ಕೇಳಿ, ಆಮೇಲೆ ಹೂಳಿ

ಒಂದು ಕಿಲೋ ತೂಕದ ಮೊಲದ ಮೈಯಲ್ಲಿರುವುದು ಸುಮಾರು 60 ಎಂಎಲ್ ರಕ್ತ. ಆರೋಗ್ಯವಾಗಿದ್ದರೆ ಪರೀಕ್ಷೆಗೆಂದು ಅದರ ಹತ್ತನೇ ಒಂದು ಪಾಲು ತೆಗೆದರೂ ತಾಳಿಕೊಳ್ಳುತ್ತದೆ. ಅರ್ಧ ಕಿಲೋದ ಬೆಕ್ಕಿನ ಮರಿಗೆ ಮಿತಿ ಸುಮಾರು 3 ಎಂಎಲ್. ಸೊರಗಿದ ಪ್ರಾಣಿಗೆ ಇನ್ನೂ ಕಡಿಮೆ. ಸರಿಯಾಗಿ ಹಿಡಿಯದೆ ಮೊಲ ಹಿಂಗಾಲು ಝಾಡಿಸಿದರೆ ಬೆನ್ನುಮೂಳೆಯೇ ಮುರಿಯಬಹುದು. ಕೊಡಗಿನ ತೋಟದ ಮನೆಗಳಲ್ಲಿ ಬೇರೆ ತೊಡಕೂ ಇದೆ. ಉಣ್ಣಿ ಕಚ್ಚಿ ಜ್ವರ ಬಂದ ನಾಯಿಗೆ ಪ್ಲೇಟ್‌ಲೆಟ್ ಇಳಿದಿರಬಹುದು. ಕೆಲವು ಇಲಿ ಪಾಷಾಣ ಹೊಟ್ಟೆಗೆ ಹೋದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅಂಥ ಪ್ರಾಣಿಯ ಕುತ್ತಿಗೆಯ ರಕ್ತನಾಳಕ್ಕೆ ಚುಚ್ಚಿದರೆ ರಕ್ತ ಒಳಗೊಳಗೇ ಸೋರಬಹುದು. ತೋಟದಲ್ಲಿ ಪಾಷಾಣ ಇಟ್ಟಿದ್ದರೆ ವೈದ್ಯರಿಗೆ ಮುಂಚೆಯೇ ಹೇಳಬೇಕಾದವರು ನೀವು.

ಎಷ್ಟು ರಕ್ತ ತೆಗೆಯುತ್ತೀರಿ, ಯಾವ ಪರೀಕ್ಷೆಗೆ, ಚುಚ್ಚುವವರು ಯಾರು ಎಂದು ಕೇಳಲು ಸಂಕೋಚ ಬೇಡ. ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, 1984ರ ಪ್ರಕಾರ ಚಿಕಿತ್ಸೆಯ ಅಧಿಕಾರ ನೋಂದಾಯಿತ ಪಶುವೈದ್ಯರದು. ಸಹಾಯಕರು ಅವರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಬಿಲ್ ಕೇಳಿ ಪಡೆಯಿರಿ. ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಅನುಚಿತ ವ್ಯಾಪಾರ ಪದ್ಧತಿ.

ರಕ್ತ ತೆಗೆದ ಮೇಲೆ ಪ್ರಾಣಿ ಸತ್ತಿತು ಎಂಬಷ್ಟಕ್ಕೇ ನಿರ್ಲಕ್ಷ್ಯ ಸಾಬೀತಾಗದು. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಮನುಷ್ಯರ ವೈದ್ಯರಿಗೆ ಹಾಕಿದ ಅಳತೆ, ಆ ವೃತ್ತಿಯವರಲ್ಲಿರಬೇಕಾದ ಸಾಧಾರಣ ಕೌಶಲ, ಎಚ್ಚರ ಇತ್ತೇ ಎಂಬುದು. ಹಾಗಾಗಿ ಮರಣೋತ್ತರ ಪರೀಕ್ಷೆಯೇ ನಿಮ್ಮ ಬಲ. ಅಂದೇ ತೋಟದ ಮೂಲೆಯಲ್ಲಿ ಹೂತರೆ ದೂರೂ ಅಲ್ಲೇ ಮಣ್ಣಾಗುತ್ತದೆ. ಕಳೇಬರವನ್ನು ಐಸ್ ಜೊತೆ ತಣ್ಣಗಿಡಿ, ಫ್ರೀಜರಿಗೆ ಹಾಕಬೇಡಿ. ಸಾಧ್ಯವಾದರೆ ಚಿಕಿತ್ಸೆ ಕೊಟ್ಟವರಲ್ಲದ ಬೇರೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಲಿಖಿತ ವರದಿ ಪಡೆಯಿರಿ.

ಹಣ ಕೊಟ್ಟ ಖಾಸಗಿ ಕ್ಲಿನಿಕ್ ಮೈಸೂರಿನಲ್ಲಿದ್ದರೂ ಕುಶಾಲನಗರದವರು, ಪೊನ್ನಂಪೇಟೆಯವರು ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು; ದೂರುದಾರರ ವಾಸಸ್ಥಳ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ (ಬೆಕ್ಕಿನ ಬಿಲ್ ಅಷ್ಟಾಗುವುದೂ ಇಲ್ಲ). ವಕೀಲರು ಕಡ್ಡಾಯವಲ್ಲ. ವೃತ್ತಿ ದುರ್ನಡತೆಯ ದೂರು ಬೆಂಗಳೂರಿನ ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ಹೋಗಬೇಕು, ಆದರೆ ಪರಿಹಾರದ ಹಣ ಸಿಗುವುದು ಅಲ್ಲಿಂದಲ್ಲ.

ಸರ್ಕಾರಿ ಆಸ್ಪತ್ರೆಯ ದಾರಿ ಬೇರೆ. ಎಲ್ಲರಿಗೂ ಉಚಿತವಾಗಿರುವ ಸೇವೆ ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನಂತೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ. ಹೆಸರಿಗಷ್ಟೇ ಪಡೆಯುವ ನೋಂದಣಿ ಶುಲ್ಕದಿಂದ ಅದು ಬದಲಾಗದು. ಅಲ್ಲಿ ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಲಿಖಿತ ದೂರು ಕೊಡಿ, ಚಿಕಿತ್ಸೆಯ ದಾಖಲೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ.

ಗ್ರಾಹಕ ಆಯೋಗಕ್ಕೆ ಹೋಗಲು ಘಟನೆಯಿಂದ 2 ವರ್ಷ ಅವಕಾಶ. ಅನುಮಾನವಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿ.