ಒಂದು ‘ಇಲ್ಲ’ದ ಬೆಲೆ ತಿಂಗಳಿಗೆ ಆರು ಸಾವಿರ

ಅಪ್ಪ ಮಿಲಿಟರಿಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಅವರ ಕಪ್ಪು ಟ್ರಂಕಿನ ತಳದಲ್ಲಿದ್ದ ಕಾಗದದ ಕಟ್ಟನ್ನು ನಾನು ಬಿಚ್ಚಿದ್ದು ಮಾತ್ರ 2021ರಲ್ಲಿ. ಆ ನಾಲ್ಕು ವರ್ಷದ ತಡಕ್ಕೆ ನಮ್ಮ ಮನೆ ಎಷ್ಟು ತೆತ್ತಿತು ಅನ್ನುವುದನ್ನು ಹೇಳಲೆಂದೇ ಈ ವಾರ ಕೂತಿದ್ದೇನೆ.

ಕಟ್ಟಿನಲ್ಲಿದ್ದದ್ದು ಬಿಡುಗಡೆಗೆ ಮುನ್ನ ನಡೆಯುವ ವೈದ್ಯಕೀಯ ಮಂಡಳಿಯ ವರದಿ. ಕಾಯಿಲೆ: ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಮತ್ತೆ ಪೂರ್ತಿ ತೆರೆದುಕೊಳ್ಳದ ರೋಗ. ಅಂಗವೈಕಲ್ಯ: ಶೇ 30, ಜೀವನಪರ್ಯಂತ. ಸೇವೆಯಿಂದ ಬಂದದ್ದೇ? ಇಲ್ಲ. ಸೇವೆಯಿಂದ ಉಲ್ಬಣಿಸಿದ್ದೇ? ಇಲ್ಲ. ಕಾರಣದ ಜಾಗದಲ್ಲಿ ಒಂದೇ ಸಾಲು: ಕಾಯಿಲೆ ಶುರುವಾದದ್ದು ಗಡಿಯಿಂದ ದೂರದ ಶಾಂತ ನೆಲೆಯಲ್ಲಿ, ಅಂದರೆ ಪೀಸ್ ಸ್ಟೇಷನ್‌ನಲ್ಲಿ. ಇದರ ಆಧಾರದ ಮೇಲೆ 2018ರಲ್ಲಿ ಸೇನೆಯ ಕಚೇರಿಯಿಂದ ಅಂಗವೈಕಲ್ಯ ಪೆನ್ಷನ್ ಕೊಡಲಾಗದೆಂಬ ತಿರಸ್ಕಾರದ ಪತ್ರ ಬಂದಿತ್ತು. ಅಪ್ಪ ಅದನ್ನು ಓದಿ, ಮಡಚಿ, ಟ್ರಂಕಿಗೆ ಹಾಕಿದ್ದರು.

ನಾನು ಕೇಳಿದಾಗ “ಬಿಡಮ್ಮ, ಪೆನ್ಷನ್ ಬರ್ತಿದೆಯಲ್ಲ. ಕಾಯಿಲೆ ತೋರಿಸಿ ದುಡ್ಡು ಕೇಳೋದು ನನಗೆ ಸರಿ ಕಾಣಲ್ಲ” ಅಂದರು. ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡಿದ್ದರು. ನಮ್ಮ ಮನೆಯ ತಾರಸಿಗೆ ಹದಿನಾಲ್ಕು ಮೆಟ್ಟಿಲು. ಏಳನೆಯದರಲ್ಲಿ ನಿಂತು, ಗೋಡೆಗೆ ಅಂಗೈ ಒತ್ತಿ, ತುಟಿ ಚೂಪು ಮಾಡಿ ಉಸಿರು ಬಿಡುತ್ತಾರೆ. ಅವರು ನಿಲ್ಲುವ ಜಾಗದಲ್ಲಿ ಸುಣ್ಣದ ಮೇಲೆ ಅಂಗೈಯಗಲದ ಮಾಸಲು ಕಲೆ ಬಿದ್ದಿದೆ.

ಅಪ್ಪ ಡ್ರೈವರ್. ಲಡಾಖ್ ಕಡೆ ಎರಡು ಸಲ ಪೋಸ್ಟಿಂಗ್ ಆಗಿತ್ತು. ಹಗಲು ಕಾನ್ವಾಯ್‌ನಲ್ಲಿ ಮುಂದಿನ ಗಾಡಿಯ ಡೀಸೆಲ್ ಹೊಗೆ ಮತ್ತು ಧೂಳು, ರಾತ್ರಿ ಕಿಟಕಿ ಮುಚ್ಚಿದ ಬಂಕರಿನಲ್ಲಿ ಚಳಿ ಕಾಯಿಸುವ ಸೀಮೆಎಣ್ಣೆ ಒಲೆ, ಬುಖಾರಿ. ಬೆಳಿಗ್ಗೆ ಮೂಗು ಸೀನಿದರೆ ಕರವಸ್ತ್ರದಲ್ಲಿ ದೀಪದ ಕಾಡಿಗೆಯಂಥ ಮಸಿ ಬರುತ್ತಿತ್ತಂತೆ. ಎರಡನೇ ಪೋಸ್ಟಿಂಗ್ ಮುಗಿಸಿ ಕೆಳಗಿಳಿದ ಐದು ತಿಂಗಳಿಗೆ ಆಸ್ಪತ್ರೆಯಲ್ಲಿ ಊದಿಸಿ ನೋಡಿ ಕಾಯಿಲೆಗೆ ಹೆಸರಿಟ್ಟರು. ಕಾಗದದ ಪ್ರಕಾರ ಅದೇ ‘ಶುರುವಾದ’ ದಿನ. ಶ್ವಾಸಕೋಶ ವರ್ಷಗಟ್ಟಲೆ ಹಾಳಾಗುತ್ತಾ ಬಂದು ಒಂದು ದಿನ ಪತ್ತೆಯಾಗುತ್ತದೆ. ಪತ್ತೆಯಾದ ಊರನ್ನೇ ಕಾಯಿಲೆ ಹುಟ್ಟಿದ ಊರು ಮಾಡಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಕಾನೂನು ಅಪ್ಪನ ಕಡೆಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. ನ್ಯಾಯಾಲಯಗಳು ಎತ್ತಿಹಿಡಿದ ತತ್ವದ ಪ್ರಕಾರ, ಭರ್ತಿಯಾಗುವಾಗ ದಾಖಲೆಯಲ್ಲಿ ಯಾವ ಕಾಯಿಲೆಯನ್ನೂ ಬರೆದಿಲ್ಲವೆಂದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ನಂಬಬೇಕು. ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ. ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಸೇನೆಯದು. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನೇ ಬಿಡಿಸಿ ಹೇಳಿತು: ಮಂಡಳಿ ‘ಇಲ್ಲ’ ಅಂದರೆ ಸಾಲದು, ಯಾಕಿಲ್ಲ ಅನ್ನುವ ಕಾರಣವನ್ನೂ ಬರೆಯಬೇಕು.

ಈಗ ದುಡ್ಡಿನ ಮಾತು. ಲೆಕ್ಕಕ್ಕೆ ಸುಲಭವಾಗಲಿ ಎಂದು ಕೊನೆಯ ಸಂಬಳ 40,000 ಎಂದಿಟ್ಟುಕೊಳ್ಳಿ. ಅದರ ಅರ್ಧ, 20,000, ಮಾಮೂಲಿ ಪೆನ್ಷನ್. ಅಂಗವೈಕಲ್ಯದ ಭಾಗ ಬೇರೆ: ಶೇ 100 ಇದ್ದವರಿಗೆ ಸಂಬಳದ ಶೇ 30, ಅಂದರೆ 12,000. ಶೇ 30 ಇದ್ದವರಿಗೆ ಅದೇ ಪ್ರಮಾಣದಲ್ಲಿ 3,600. ಆದರೆ ರಾಮ್ ಅವತಾರ್ ಪ್ರಕರಣದ 2014ರ ತೀರ್ಪಿನ ನಂತರ, ಅವಧಿ ಮುಗಿಸಿ ನಿವೃತ್ತರಾದವರಿಗೂ ‘ಬ್ರಾಡ್ ಬ್ಯಾಂಡಿಂಗ್’ ಸಿಗುತ್ತದೆ. ಶೇ 20ರಿಂದ 49ರವರೆಗಿನದನ್ನು ಶೇ 50 ಎಂದೇ ಎಣಿಸುತ್ತಾರೆ. ಅಲ್ಲಿಗೆ 6,000. ಅದರ ಮೇಲೆ ತುಟ್ಟಿಭತ್ಯೆ. ವರ್ಷಕ್ಕೆ 72,000. ಇದು ಇನ್‌ಹೇಲರ್ ಹಿಡಿದು ಇಪ್ಪತ್ತು ವರ್ಷ ಬಾಳಬೇಕಾದ ಮನುಷ್ಯನ ದುಡ್ಡು.

ಮೇಲ್ಮನವಿಗೆ ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗಿನ ಗಡುವು. ಅದು ಯಾವತ್ತೋ ಮುಗಿದಿತ್ತು. ಆದರೂ ಹಾಕಿದೆವು, ತಿರುಗಿ ಬಂತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆವು. ಕರ್ನಾಟಕದವರಿಗೆ ಅದು ಕೊಚ್ಚಿ ಪೀಠ. ವಿಚಾರಿಸಿದ ಮೊದಲ ವಕೀಲರು ಬಾಕಿ ಹಣದಲ್ಲಿ ಕಾಲು ಭಾಗ ಕೇಳಿದರು. ಗೆದ್ದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಎದ್ದು ಬಂದು, ಮೊದಲೇ ಫೀಸು ಹೇಳುವವರನ್ನು ಹಿಡಿದೆವು.

ನಮ್ಮ ಕೈಹಿಡಿದದ್ದು ಪೋಸ್ಟಿಂಗ್ ಪಟ್ಟಿ. ಅಪ್ಪ ಒಂದು ಸಂಜೆ ಕೂತು, ಯಾವ ವರ್ಷ ಎಲ್ಲಿ, ಎಷ್ಟು ತಿಂಗಳು, ಎಷ್ಟು ಎತ್ತರದಲ್ಲಿ ಎಂದು ಪೆನ್ಸಿಲಿನಲ್ಲಿ ಬರೆದರು. ಅದನ್ನು ಆರ್‌ಟಿಐ ಹಾಕಿ ತರಿಸಿದ ದಾಖಲೆಗೆ ಹೋಲಿಸಿದೆವು. ಮೊದಲ ಲಡಾಖ್ ಪೋಸ್ಟಿಂಗ್‌ನಲ್ಲೇ ಕೆಮ್ಮಿಗೆ ಮೂರು ಸಲ ಸೇನೆಯ ವೈದ್ಯರ ಬಳಿ ಸಿಕ್ ರಿಪೋರ್ಟ್ ಆಗಿದ್ದದ್ದು ಅಲ್ಲಿ ಸಿಕ್ಕಿತು. ಅಪ್ಪನಿಗೇ ಅದು ಮರೆತುಹೋಗಿತ್ತು.

ನೀವು ಅಥವಾ ನಿಮ್ಮ ಮನೆಯವರು ಸೇನೆಯಲ್ಲಿದ್ದರೆ, ಕೆಮ್ಮಿಗೂ ಸಿಕ್ ರಿಪೋರ್ಟ್ ಮಾಡಿಸಿ. ಗಟ್ಟಿಗತನ ತೋರಿಸಿ ಮಾತ್ರೆ ನುಂಗಿ ಸುಮ್ಮನಾದರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಬೀಡಿ ಸಿಗರೇಟು ಬಿಡಿ: ಎದೆಗಂತೂ ಒಳ್ಳೆಯದು, ಸಿಒಪಿಡಿಗೆ ಮಂಡಳಿ ಮೊದಲು ಹುಡುಕುವ ಕಾರಣವೂ ಅದೇ. ಮಂಡಳಿಯ ವರದಿಯ ಪ್ರತಿ ಕೈಗೆ ಬಂದ ದಿನವೇ, ಸೇವೆಯಿಂದ ಬಂದದ್ದೇ, ಉಲ್ಬಣಿಸಿದ್ದೇ ಎನ್ನುವ ಆ ಎರಡು ಪ್ರಶ್ನೆಗಳ ಉತ್ತರ ನೋಡಿ. ಅರ್ಥವಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹಿಡಿದುಕೊಂಡು ಹೋಗಿ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ, ಹಾಗಾಗಿ ಆಮೇಲೆ ನಿವೃತ್ತರಾದವರು ನನ್ನ ಲೆಕ್ಕವನ್ನು ನೆಚ್ಚದೆ ಅವನ್ನೇ ಓದಿಸಿಕೊಳ್ಳಬೇಕು.

2024ರಲ್ಲಿ ಆದೇಶ ನಮ್ಮ ಕಡೆ ಬಂತು. ಆದರೆ ಇಂಥ ತಡವಾದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಆಗುವಂತೆ, ಬಾಕಿ ಸಿಕ್ಕಿದ್ದು ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ. 2017ರ ಆಗಸ್ಟ್‌ನಿಂದ 2019ರ ಆಗಸ್ಟ್‌ವರೆಗಿನ 24 ತಿಂಗಳು ಹೋಯಿತು. ಮೇಲಿನ ಲೆಕ್ಕದಲ್ಲೇ 1,44,000, ತುಟ್ಟಿಭತ್ಯೆ ಬಿಟ್ಟು. ಅಪ್ಪ ಹೊಸ ಪೆನ್ಷನ್ ಪಾವತಿ ಆದೇಶವನ್ನು (ಪಿಪಿಒ) ಎರಡು ಸಲ ಓದಿದರು. ಆಮೇಲೆ ಪಕ್ಕದೂರಿನ ತಮ್ಮ ಹಳೆಯ ಸಂಗಾತಿಗೆ ಫೋನ್ ಮಾಡಿ, “ನಿನ್ನ ಬೋರ್ಡಿನ ಕಾಗದ ಎಲ್ಲಿಟ್ಟಿದ್ದೀಯೋ? ಭಾನುವಾರ ತಗೊಂಡು ಬಾ, ಮಗಳು ಮನೇಲಿರ್ತಾಳೆ” ಅಂದರು.