ಸುಣ್ಣ ಕುದಿಯುವುದೇಕೆ?

ನಮ್ಮೂರಲ್ಲಿ ಹಬ್ಬಕ್ಕೆ ಗೋಡೆಗೆ ಬಳಿಯೋ ಸುಣ್ಣ ಗೊತ್ತಲ್ಲ? ಸುಟ್ಟ ಸುಣ್ಣದಕಲ್ಲಿಗೆ ನೀರು ಹಾಕಿದರೆ ಒಲೆಯಿಲ್ಲದೇ ಕೊತಕೊತ ಕುದಿಯುತ್ತದೆ. ಕ್ಯಾಲ್ಸಿಯಂ ಆಕ್ಸೈಡು ನೀರಿನ ಜೊತೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಎಂಬ ಹೊಸ ವಸ್ತು ಆಗುವಾಗ ಈ ಶಾಖ ಬರುತ್ತದೆ. ಇದು ರಾಸಾಯನಿಕ ಕ್ರಿಯೆ.

ಒಲೆ ಮೇಲಿನ ನೀರಲ್ಲೂ ಗುಳ್ಳೆ ಏಳುತ್ತೆ. ಆದರೆ ಅದರ ಆವಿ ತಣಿದರೆ ಮತ್ತೆ ನೀರೇ. ಅದಕ್ಕೇ ಬರೀ ಗುಳ್ಳೆ ನೋಡಿ ತೀರ್ಮಾನ ಮಾಡಬಾರದು, ಹೊಸ ವಸ್ತು ಆಯಿತೇ ಎಂದು ನೋಡಬೇಕು.

ಬಣ್ಣವೂ ಹಾಗೇ. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿದರೆ ತಿಳಿನೀಲಿ ಆಗುತ್ತೆ, ಅದು ಬರೀ ಬೆರಕೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ನೋಡಿ, ಎರಡರಲ್ಲೂ ಇಲ್ಲದ ಕೆಂಪು ಬರುತ್ತದೆ! ನಮ್ಮಜ್ಜಿ ಆರತಿಗೆ ಮಾಡೋ ಓಕುಳಿ ಇದೇ.

ಸುಣ್ಣ ಕುದಿಯುವಾಗ ಬಗ್ಗಿ ನೋಡಬೇಡಿ, ಸಿಡಿದರೆ ಕಣ್ಣೇ ಹೋಗಬಹುದು. ಕಣ್ಣಿಗೆ ಬಿದ್ದರೆ ಉಜ್ಜದೆ, ತಕ್ಷಣ ನೀರಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ.