ಹಳೆಯ ಗೋಡೆಯ ಸಂದು ಬಿಡಿಸಲು ಆ್ಯಂಗಲ್ ಗ್ರೈಂಡರ್: ಆಯ್ಕೆ ಮತ್ತು ಬಳಕೆ

ಚೆನ್ನೈ ನಗರದ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು ಸುಣ್ಣದ ಗಾರೆಯಿಂದ ಕಟ್ಟಲ್ಪಟ್ಟವು. 1892ರಲ್ಲಿ ಉದ್ಘಾಟನೆಗೊಂಡ ಉಚ್ಚ ನ್ಯಾಯಾಲಯದ ಭವನ ಇವುಗಳಲ್ಲಿ ಪ್ರಮುಖವಾದುದು. ಸಮುದ್ರದ ಚಿಪ್ಪನ್ನು ಸುಟ್ಟು ತಯಾರಿಸುತ್ತಿದ್ದ ಮದರಾಸಿನ ಸುಣ್ಣವು ಒಂದು ಕಾಲದಲ್ಲಿ ದೂರದೂರದವರೆಗೆ ಹೆಸರು ಪಡೆದಿತ್ತು. ಭಾರತದಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ತಯಾರಿಸುವ ಮೊದಲ ಯತ್ನ 1904ರಲ್ಲಿ ನಡೆದುದೂ ಇದೇ ನಗರದಲ್ಲಿ. ಮುಂದೆ ದುರಸ್ತಿಯ ಹೆಸರಿನಲ್ಲಿ ಹಲವು ಹಳೆಯ ಗೋಡೆಗಳ ಸಂದುಗಳಿಗೆ ಆ ಸಿಮೆಂಟನ್ನೇ ತುಂಬಲಾಯಿತು.

ಇದರಿಂದಾದ ಹಾನಿ ಸಾಮಾನ್ಯವಾದುದಲ್ಲ. ಕಡಲ ಗಾಳಿಯ ಉಪ್ಪು ಮತ್ತು ತೇವ ಗೋಡೆಯೊಳಗೆ ಸೇರುತ್ತವೆ. ಸುಣ್ಣದ ಸಂದು ಆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಆಗ ತೇವವು ಇಟ್ಟಿಗೆಯ ಮೂಲಕವೇ ಆರಬೇಕಾಗಿ, ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದರ ಮೈ ಉದುರತೊಡಗುತ್ತದೆ. ಆದುದರಿಂದ ಸಿಮೆಂಟನ್ನು ತೆಗೆದು ಪುನಃ ಸುಣ್ಣದ ಗಾರೆ ತುಂಬುವುದು ಅವಶ್ಯಕ. ಗಟ್ಟಿ ಸಿಮೆಂಟನ್ನು ಉಳಿಯಿಂದ ಬಿಡಿಸುವುದು ನಿಧಾನದ ಕೆಲಸವಾದ್ದರಿಂದ ಮೇಸ್ತ್ರಿಗಳು ಗ್ರೈಂಡರನ್ನು ಆಶ್ರಯಿಸುತ್ತಾರೆ.

ಯಂತ್ರವನ್ನು ಆರಿಸುವಾಗ ಬಲವೊಂದನ್ನೇ ನೋಡುವುದು ರೂಢಿಯಲ್ಲಿರುವ ತಪ್ಪು. ಇಲ್ಲಿ ಮುಖ್ಯವಾದುದು ಚಕ್ರದ ವ್ಯಾಸ. ಪೇಟೆಯಲ್ಲಿ 100, 125, 180 ಮತ್ತು 230 ಮಿ.ಮೀ. ಚಕ್ರದ ಯಂತ್ರಗಳು ದೊರೆಯುತ್ತವೆ. ಸಂದನ್ನು 20 ಮಿ.ಮೀ. ಆಳಕ್ಕೆ ಬಿಡಿಸಬೇಕೆಂದು ಭಾವಿಸೋಣ. ದುಂಡು ಚಕ್ರವು ಅಷ್ಟು ಆಳಕ್ಕೆ ಇಳಿದಾಗ ಗೋಡೆಯ ಮೇಲ್ಮೈಯಲ್ಲಿ ಬೀಳುವ ಸೀಳಿನ ಉದ್ದ, 100 ಮಿ.ಮೀ. ಚಕ್ರಕ್ಕೆ 80 ಮಿ.ಮೀ., 125ಕ್ಕೆ ಸುಮಾರು 92, 180ಕ್ಕೆ ಸುಮಾರು 113 ಮತ್ತು 230ಕ್ಕೆ ಸುಮಾರು 130 ಮಿ.ಮೀ. ಲಂಬ ಸಂದಿನ ಎತ್ತರವಾದರೋ ಒಂದು ಇಟ್ಟಿಗೆಯಷ್ಟು ಮಾತ್ರ, ಅಂದರೆ ಸಾಮಾನ್ಯವಾಗಿ 75 ಮಿ.ಮೀ.ಗೆ ಮೀರದು. ಎಷ್ಟೇ ಚಿಕ್ಕ ಚಕ್ರವಾದರೂ ಮೇಲಿನ ಮತ್ತು ಕೆಳಗಿನ ಇಟ್ಟಿಗೆಗಳನ್ನು ಕೊಯ್ಯದೆ ಬಿಡುವುದಿಲ್ಲ. ಸುಟ್ಟ ಇಟ್ಟಿಗೆಯ ಹೊರಪದರವೇ ಅದರ ರಕ್ಷೆ. ಒಮ್ಮೆ ಕೊಯ್ದುದು ಮರಳಿ ಬಾರದು. ಲಂಬ ಸಂದುಗಳಿಗೆ ಉಳಿ ಮತ್ತು ಸುತ್ತಿಗೆಯೇ ಸರಿ. ಸುಣ್ಣದ ಗಾರೆ ಹಾಗೆಯೇ ಉಳಿದಿರುವ ಸಂದುಗಳಿಗೂ ಯಂತ್ರ ಬೇಡ.

ಅಡ್ಡ ಸಂದುಗಳಲ್ಲಿ ಯಂತ್ರಕ್ಕೆ ಅವಕಾಶವುಂಟು. 100 ಅಥವಾ 125 ಮಿ.ಮೀ. ಯಂತ್ರ ಸಾಕು. ವೇಗ ತಗ್ಗಿಸುವ ತಿರುಪು, ನಿಧಾನವಾಗಿ ಚಾಲನೆಗೊಳ್ಳುವ ವ್ಯವಸ್ಥೆ ಹಾಗೂ ಕೈ ಬಿಟ್ಟೊಡನೆ ನಿಲ್ಲುವ ಗುಂಡಿ ಇರುವುದನ್ನೇ ಕೊಳ್ಳಬೇಕು. ಸಂದು 10 ಮಿ.ಮೀ. ಅಗಲವಿದ್ದರೆ, ಸಂದಿನಷ್ಟೇ ದಪ್ಪದ ಚಕ್ರವನ್ನು ಬಳಸದೆ, 2 ಅಥವಾ 3 ಮಿ.ಮೀ. ದಪ್ಪದ ವಜ್ರದ ಅಲಗಿನ ಚಕ್ರದಿಂದ ನಡುವೆ ಒಂದೇ ಗೆರೆ ಎಳೆಯಬೇಕು. ಅಂಚಿನಲ್ಲಿ ಉಳಿದ ಸಿಮೆಂಟನ್ನು ಸಪೂರ ಉಳಿಯಿಂದ ಆ ಗೆರೆಯ ಕಡೆಗೆ ಒಡೆದರೆ ಇಟ್ಟಿಗೆಯ ಅಂಚು ಉಳಿಯುತ್ತದೆ.

100 ಮಿ.ಮೀ. ಚಕ್ರ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ. ಗಾರ್ಡ್ ಕಳಚಿ ಚಿಕ್ಕ ಯಂತ್ರಕ್ಕೆ ದೊಡ್ಡ ಚಕ್ರ ತೊಡಿಸುವ ಪರಿಪಾಠವು ಪ್ರಾಣಾಪಾಯಕಾರಿ. ಚಕ್ರದ ಮೇಲೆ ನಮೂದಿಸಿದ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು. ಮರ ಕೊಯ್ಯುವ ಹಲ್ಲಿನ ಚಕ್ರವನ್ನಂತೂ ಇದಕ್ಕೆ ತೊಡಿಸಲೇಬಾರದು.

ಕಣ್ಣಿಗೆ ಕಾಣದ ಅಪಾಯ ಇನ್ನೂ ದೊಡ್ಡದು. ಗಾರೆಯ ಮರಳು ಮತ್ತು ಇಟ್ಟಿಗೆಯಿಂದ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಉಂಟುಮಾಡುತ್ತದೆ. ಈ ರೋಗವನ್ನು ಗುಣಪಡಿಸುವ ಚಿಕಿತ್ಸೆಯಿಲ್ಲ. ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ 1948ರ ಕಾರ್ಖಾನೆ ಕಾಯಿದೆಯೇ ಇದನ್ನು ಸೇರಿಸಿತ್ತು. ಮೂಗಿಗೆ ಕಟ್ಟಿದ ಟವೆಲ್ಲು ಈ ಸೂಕ್ಷ್ಮ ಧೂಳನ್ನು ತಡೆಯದು. ಧೂಳು ಹೀರುವ ಕೊಳವೆ ಜೋಡಿಸಬಹುದಾದ ಗಾರ್ಡ್ ಇರುವ ಯಂತ್ರಕ್ಕೆ ಬೆಲೆ ಹೆಚ್ಚಾದರೂ ಅದನ್ನೇ ಆರಿಸುವುದು ಯುಕ್ತ; ಜೊತೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಧೂಳು ತಡೆಯುವ ಮಾಸ್ಕ್ ಮತ್ತು ಕನ್ನಡಕ ಅಗತ್ಯ. ಧೂಳಡಗಿಸಲೆಂದು ಸಾಧಾರಣ ವಿದ್ಯುತ್ ಗ್ರೈಂಡರಿನ ಮೇಲೆ ನೀರು ಸುರಿದರೆ ವಿದ್ಯುದಾಘಾತವಾದೀತು.

ಕೆಲಸಕ್ಕೆ ಮುನ್ನ ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಸುಮಾರು ಒಂದು ಚದರ ಮೀಟರು ಸಂದು ಬಿಡಿಸಿ ನೋಡಬೇಕು. ಅಲ್ಲಿ ಇಟ್ಟಿಗೆಯ ಅಂಚು ಚಕ್ಕೆಯೆದ್ದರೆ ಆ ಗೋಡೆಯನ್ನು ಪೂರ್ತಿಯಾಗಿ ಉಳಿಯಿಂದಲೇ ಬಿಡಿಸತಕ್ಕದ್ದು.